ಅಂದವಾಗಿ ಬರೆದುಕೊಡಲಾಗುವುದು

ಸೋಪಿನ ಹೊದಿಕೆಯ ಮೇಲೆ ನಗುವ ಹೆಂಗಸು, ಬಿಸ್ಕತ್ತಿನ ಪೊಟ್ಟಣದ ಮೇಲೆ ಓಡುವ ಕುದುರೆ, ಸೊಳ್ಳೆ ಬತ್ತಿಯ ಡಬ್ಬದ ಮೇಲೆ ಅಂಗಾತ ಬಿದ್ದ ಸೊಳ್ಳೆ, ಇವನ್ನೆಲ್ಲ ಯಾರೋ ಒಬ್ಬರು ಕೂತು ಬರೆದಿರುತ್ತಾರೆ ಅನ್ನುವುದು ಲೋಕಕ್ಕೆ ಹೊಳೆಯುವುದೇ ಇಲ್ಲ. ನಮ್ಮ ಕಲಾವಿದರು ಅಂಥವರಲ್ಲಿ ಒಬ್ಬರು. ಒಂದೇ ಛಾಪಖಾನೆಯಲ್ಲಿ ಕೂದಲು ಬೆಳ್ಳಗಾಗುವ ತನಕ ಹೊದಿಕೆಗಳಿಗೆ ಚಿತ್ರ ಬರೆದರು. ಅವರ ಸೊಳ್ಳೆ ಅದೆಷ್ಟು ಜೀವಕಳೆಯಿಂದ ಸತ್ತಿತ್ತೆಂದರೆ, ಅಂಗಡಿಯವರು ಡಬ್ಬ ಕೊಡುವ ಮುಂಚೆ ಅದನ್ನು ಬೆರಳಲ್ಲಿ ಕೊಡವಲು ನೋಡುತ್ತಿದ್ದರು.

ಆಮೇಲೆ ಛಾಪಖಾನೆಗೆ ಹೊಸ ಯಂತ್ರ ಬಂತು. ಅದು ಗುಂಡಿ ಒತ್ತಿದರೆ ಸಾಕು, ಬೇಕಾದಷ್ಟು ಕುದುರೆಗಳನ್ನು ಓಡಿಸುತ್ತಿತ್ತು. ಮಾಲೀಕರು ಕಲಾವಿದರಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಕೈ ಕುಲುಕಿ, ಮನೆಗೆ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದವರೇ ಹೆಂಡತಿಗೆ ಹೇಳಿದರು:

"ನೋಡು, ಇನ್ನು ಮೇಲೆ ನಾನು ಯಾರ ಕೈಕೆಳಗೂ ಇರಲ್ಲ. ಮುಂದಿನ ಕೋಣೆಯಲ್ಲಿ ನನ್ನದೇ ಚಿತ್ರಶಾಲೆ ಶುರುಮಾಡ್ತೀನಿ. ಜನರ ಭಾವಚಿತ್ರ ಬರೀತೀನಿ. ಒಂದು ದಿನ ಪ್ರದರ್ಶನ ಇಡ್ತೀನಿ."

"ಇಡಿ. ಮೊದಲು ಆ ಬೆಂಚಿನ ಆ ಕಡೆ ಹಿಡ್ಕೊಳ್ಳಿ, ಬಂದವರು ಕೂರೋಕೆ ಬೇಡವಾ," ಅಂದರು ಹೆಂಡತಿ. ಗಂಡ ಕುಂಚವನ್ನು ಕಾಫಿ ಲೋಟದಲ್ಲಿ ಅದ್ದುವುದನ್ನೂ, ಬಣ್ಣದ ನೀರನ್ನು ಕುಡಿದು ಸಕ್ಕರೆ ಕಮ್ಮಿ ಅನ್ನುವುದನ್ನೂ ಮದುವೆಯಾದಾಗಿನಿಂದ ನೋಡಿದ ಹೆಂಗಸು ಅವರು. ಸ್ವಂತ ವ್ಯಾಪಾರಕ್ಕೆಲ್ಲ ಬೆಚ್ಚುವವರಲ್ಲ.

ವ್ಯಾಪಾರ ಅಂದಮೇಲೆ ಬೋರ್ಡು ಬೇಕು. ಬೋರ್ಡು ಅಂದಮೇಲೆ ಭಾವಮೈದುನ ಬೇಕು. ಈ ಭಾವಮೈದುನ ಹಿಂದೆ ಮನೆ ಮನೆಗೆ ಹೋಗಿ ನೀರು ಸೋಸುವ ಯಂತ್ರ ಮಾರುತ್ತಿದ್ದರು. ಒಂದೂ ಮಾರಾಟವಾಗಲಿಲ್ಲ ನಿಜ, ಆದರೆ ಆ ಅನುಭವದಿಂದ ಅವರಿಗೆ ವ್ಯಾಪಾರದ ಮರ್ಮವೆಲ್ಲ ತಿಳಿದುಬಿಟ್ಟಿತ್ತು. ಕಲಾವಿದರು ಹಲಗೆಯ ಮೇಲೆ ಸೀಸದ ಕಡ್ಡಿಯಲ್ಲಿ "ಇಲ್ಲಿ ಸಾರ್ವಜನಿಕರ ಭಾವಚಿತ್ರ ಮತ್ತು ನಿಸರ್ಗಚಿತ್ರಗಳನ್ನು ಅಂದವಾಗಿ ಬರೆದುಕೊಡಲಾಗುವುದು" ಅಂತ ಗುರುತು ಮಾಡಿಟ್ಟಿದ್ದನ್ನು ನೋಡಿ ಅವರು ನೊಂದುಕೊಂಡರು.

"ಭಾವ, ಇಷ್ಟುದ್ದ ಬರೆದ್ರೆ ಗಿರಾಕಿ ಓದಿ ಮುಗಿಸೋ ಹೊತ್ತಿಗೆ ಅವನ ಬಸ್ಸು ಹೋಗಿರುತ್ತೆ. 'ಇಲ್ಲಿ' ಯಾಕೆ? ಬೋರ್ಡು ಇಲ್ಲಿ ಹಾಕಿ ಚಿತ್ರ ಇನ್ನೆಲ್ಲೋ ಬರೀತಾರೆ ಅಂತ ಯಾರು ತಿಳ್ಕೋತಾರೆ?"

ಹೌದಲ್ಲ ಅನ್ನಿಸಿತು. ಕಲಾವಿದರು ಅಳಿಸಿದರು.

"'ಸಾರ್ವಜನಿಕರ' ಅಂತ ಬೇರೆ. ಸಾರ್ವಜನಿಕರು ಅಲ್ಲದೆ ಗುಬ್ಬಚ್ಚಿಗಳು ಬರ್ತವಾ?"

ಅದನ್ನೂ ಅಳಿಸಿದರು.

"ಭಾವಚಿತ್ರ, ನಿಸರ್ಗಚಿತ್ರ ಅಂದ್ರೆ ನಾಯಿ ಚಿತ್ರ ಬೇಕಾದವನು ಬಾಗಿಲಿಂದಲೇ ವಾಪಸ್ಸು. ಗಿರಾಕಿಗೆ ಬೇಲಿ ಹಾಕಬಾರದು ಭಾವ."

"ಹಾಗಾದ್ರೆ ಬರೀ 'ಚಿತ್ರ' ಅಂತ ಇಡೋಣವಾ?"

"ನೀವು ಚಿತ್ರ ಬರೀತೀರಿ ಅನ್ನೋದು ಇಡೀ ಬೀದಿಗೆ ಗೊತ್ತು. ಗೊತ್ತಿರೋದನ್ನೇ ಹೇಳೋದು ವ್ಯಾಪಾರ ಅಲ್ಲ."

ಹೀಗೆ ಸೋಸಿ ಸೋಸಿ ಕೊನೆಗೆ ಹಲಗೆಯ ಮೇಲೆ ಎರಡೇ ಪದ ಉಳಿದವು. ಕೆಂಪು ಅಕ್ಷರ, ಹಳದಿ ಅಂಚು, ಮೂಲೆಗೊಂದು ಹೂವಿನ ಗೊಂಚಲು ಬಂತು. ಹೆಂಡತಿ ಹೊಸ್ತಿಲಲ್ಲಿ ನಿಂತು ಓದಿದರು: "ಅಂದವಾಗಿ ಬರೆದುಕೊಡಲಾಗುವುದು. ಏನನ್ನ?"

"ನೋಡಿದ್ರಾ ಭಾವ," ಅಂದರು ಭಾವಮೈದುನ, ಹೆಮ್ಮೆಯಿಂದ. "ಅಕ್ಕನಿಗೇ ಕುತೂಹಲ ಹುಟ್ಟಿಬಿಡ್ತು. ನಮಗೆ ಬೇಕಾಗಿದ್ದೂ ಇದೇ."

ಕುತೂಹಲ ಹುಟ್ಟಿ ಒಳಗೆ ಬಂದ ಮೊದಲ ಗಿರಾಕಿ ಹಿಂದಿನ ಬೀದಿಯ ಅಜ್ಜಿ. ಕಲಾವಿದರು ದಡಬಡಿಸಿ ಎದ್ದು, ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿ, ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ಗಲ್ಲ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿದರು.

"ಮುಖ ಯಾಕಪ್ಪಾ ಇಷ್ಟು ನೋಡ್ತೀಯಾ?" ಅಂದರು ಅಜ್ಜಿ.

"ನೋಡದೆ ಬರೆಯೋದು ಹೇಗೆ ಅಜ್ಜಿ?"

"ಅದೂ ಸರಿ. ಹೋದ ಸಲ ಬರೆದುಕೊಟ್ಟವನು ತಲೆ ಎತ್ತಲೂ ಇಲ್ಲ. ಅದಕ್ಕೇ ಆ ಕೆಲಸ ಕೆಟ್ಟಿತು ಅನ್ಸುತ್ತೆ."

"ಪೂರ್ತಿ ಬರೀಲಾ, ಎದೆ ಮಟ್ಟದ ತನಕ ಸಾಕಾ?"

"ಪೂರ್ತಿ ಬರಿ ಮಗಾ. ಏನೂ ಬಿಡಬೇಡ. ಎಲ್ಲಾ ಗೊತ್ತಾಗಲಿ ಅವರಿಗೆ."

ಅಜ್ಜಿಗೆ ಈ ವಯಸ್ಸಿನಲ್ಲಿ ಎಂಥ ಧೈರ್ಯ ಅಂತ ಕಲಾವಿದರು ಬೆರಗಾದರು. "ಹಿಂದೆ ಏನು ಹಾಕಲಿ? ಗುಡ್ಡ, ಹೂದೋಟ ಏನಾದ್ರೂ?"

"ಹಿಂದೇನೂ ಇಲ್ಲ. ಇರೋದೆಲ್ಲ ಮುಂದೆ. ಬಾಗಿಲು ತೆರೆದರೆ ಕಾಲ ಬುಡದಲ್ಲೇ. ಮುಚ್ಚಳ ಒಡೆದು ಹೋದಾಗಿನಿಂದ ಆ ಮೋರಿ ಗುಂಡಿ ಬಾಯಿ ಬಿಟ್ಕೊಂಡು ಬಿದ್ದಿದೆ. ಪುರಸಭೆಯವರಿಗೆ ಚೆನ್ನಾಗಿ ತಟ್ಟೋ ಹಾಗೆ ಬರಿ."

ಕಲಾವಿದರ ಕೈಯಲ್ಲಿದ್ದ ಸೀಸದ ಕಡ್ಡಿ ಹಾಗೇ ನಿಂತಿತು. ಅಜ್ಜಿ ಬಂದದ್ದು ಅರ್ಜಿ ಬರೆಸಲು. ಬೋರ್ಡಿನಲ್ಲಿ ಹಾಗೇ ಅಲ್ಲವೇ ಇರುವುದು, ಅಂದವಾಗಿ ಬರೆದುಕೊಡುತ್ತಾರೆ ಅಂತ.

ನಾನು ಅರ್ಜಿ ಬರೆಯುವವನಲ್ಲ ತಾಯಿ, ಅಂತ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊದಲ ಬೋಣಿಯನ್ನು ಬಾಗಿಲಿಂದ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಬರೆಯೋಣ ಅಂದರೆ ಅವರ ಕಚೇರಿ ಭಾಷೆ "ಮಾನ್ಯರೇ" ಅನ್ನುವಲ್ಲಿಗೆ ನಿಂತುಬಿಡುತ್ತಿತ್ತು. ಅದನ್ನು ಬರೆದರು. ಅಂದವಾಗಿಯೇ ಬರೆದರು. ಮುಂದೆ ಏನು ಅಂತ ಯೋಚಿಸುತ್ತಾ, ಕೈ ಸುಮ್ಮನಿರದೆ, ಕೆಳಗೆ ಒಂದು ಬಾಗಿಲು ಬಿಡಿಸಿದರು. ಬಾಗಿಲ ಮುಂದೆ ಗುಂಡಿ. ಗುಂಡಿಯಲ್ಲಿ ಮೊಣಕಾಲಿನವರೆಗೆ ಇಳಿದ ಅಜ್ಜಿ. ತೇಲಿ ಹೋಗುತ್ತಿರುವ ಒಂದು ಚಪ್ಪಲಿ. ಗೋಡೆಯ ಮೇಲೆ ಕೂತು ಚಪ್ಪಲಿಯನ್ನೇ ನೋಡುತ್ತಿರುವ ಕಾಗೆ. ಕೊನೆಗೆ "ಹೀಗಿದೆ" ಅಂತ ಒಂದು ಪದ ಸೇರಿಸಿ ಕೊಟ್ಟರು.

ಅಜ್ಜಿ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಚಪ್ಪಲಿ ಹೋಗಿದ್ದು ನಿನಗೆ ಯಾರು ಹೇಳಿದರು?" ಅಂತ ಕೇಳಿ, ಮಡಚದೆ ಎದೆಗೊತ್ತಿಕೊಂಡು ಹೊರಟರು.

ಪುರಸಭೆಯ ಕಚೇರಿಯಲ್ಲಿ ಅಂದು ಏನಾಯಿತು ಅನ್ನುವುದನ್ನು ಅಲ್ಲಿನ ಜವಾನ ಆಮೇಲೆ ಊರಿಗೆಲ್ಲ ಹೇಳಿದ. ಅರ್ಜಿ ಓದುವುದು ಆ ಕಚೇರಿಯ ಪದ್ಧತಿಯಲ್ಲ. ಆದರೆ ಇದನ್ನು ಓದಬೇಕಾಗಿಯೇ ಇರಲಿಲ್ಲ, ಮೇಜಿನ ಮೇಲೆ ಇಟ್ಟ ತಕ್ಷಣ ಕಾಣುತ್ತಿತ್ತು. ಮೊದಲು ಗುಮಾಸ್ತರು ನಕ್ಕರು, ಆಮೇಲೆ ಕಿರಿಯ ಇಂಜಿನಿಯರ್ ನಕ್ಕರು. ಊಟದ ಡಬ್ಬಿ ತೆಗೆದಾಗ ಮಾತ್ರ ತೊಂದರೆ ಶುರುವಾಯಿತು. ಚಿತ್ರದ ಅಜ್ಜಿ ಗುಂಡಿಯೊಳಗಿಂದ ಇಂಜಿನಿಯರ್ ಮುಖವನ್ನೇ ನೋಡುತ್ತಿದ್ದರು. ಅವರು ಕುರ್ಚಿ ತಿರುಗಿಸಿದರು, ಅಜ್ಜಿಯ ಕಣ್ಣೂ ತಿರುಗಿತು. ಕಿಟಕಿ ಪಕ್ಕ ಹೋದರು, ಅಲ್ಲಿಗೂ ಬಂತು. ತುತ್ತು ಗಂಟಲಲ್ಲಿ ಇಳಿಯದೆ ಡಬ್ಬಿ ಮುಚ್ಚಿ, "ಆ ಮುಚ್ಚಳ ಹಾಕಿಸಿಬಿಡ್ರಪ್ಪಾ, ನಾನು ಊಟ ಮಾಡಬೇಕು," ಅಂದರಂತೆ.

ಮುಚ್ಚಳ ಬಿತ್ತು. ಸುದ್ದಿ ಹಬ್ಬಿತು. ಆಮೇಲೆ ಮುಂದಿನ ಕೋಣೆಯ ಬೆಂಚು ಖಾಲಿಯಾದದ್ದೇ ಇಲ್ಲ.

ಬಾರದ ನೀರು, ಎತ್ತದ ಕಸ, ಬೀಳಲು ಸಿದ್ಧವಾಗಿ ನಿಂತ ಗೋಡೆ, ಬೀದಿನಾಯಿಗಳ ಸಭೆ, ಎಲ್ಲವೂ ಸರದಿಯಲ್ಲಿ ಬಂದವು. ಕಲಾವಿದರು ಒಬ್ಬೊಬ್ಬರನ್ನೂ ಬೆಳಕಿಗೆ ಕೂರಿಸಿ, ಗೋಳು ಕೇಳಿ, ಬರೆದುಕೊಟ್ಟರು. ಎದುರು ಮನೆಯ ದರ್ಜಿಯ ಅಂಗಡಿ ಮುಂದಿನ ಕಂಬದಲ್ಲಿ ದೀಪವಿರಲಿಲ್ಲ. ಅವನಿಗೆ ಬರೆದ ಚಿತ್ರದಲ್ಲಿ ಅವನು ಕತ್ತಲಲ್ಲಿ ಪ್ಯಾಂಟಿನ ಕಾಲಿಗೆ ಅಂಗಿಯ ತೋಳು ಹೊಲಿಯುತ್ತಿದ್ದ, ಗಿರಾಕಿ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ಯೋಚನೆ ಮಾಡುತ್ತಿದ್ದ.

ವ್ಯಾಪಾರ ಬೆಳೆದಷ್ಟೂ ಕಲಾವಿದರು ಬಾಡಿದರು.

"ಭಾವಚಿತ್ರ ಬರೀಬೇಕು ಅಂತ ಹೊರಟವನು ಮೋರಿ ಬರೀತಿದ್ದೀನಿ ಕಣೇ," ಅಂದರು ಒಂದು ಸಂಜೆ.

"ಮೋರಿಯಲ್ಲಿ ಬಿದ್ದವರ ಮುಖ ಬರೀತೀರಲ್ಲ, ಅದು ಭಾವ ಅಲ್ವಾ?" ಅಂದರು ಹೆಂಡತಿ. ಅದಕ್ಕೆ ಉತ್ತರ ಕೊಟ್ಟವರು ಭಾವಮೈದುನ: "ಭಾವ, ಎರಡನೇ ಬೆಂಚು ಮಾಡಿಸಿ."

ಎರಡನೇ ಬೆಂಚು ಬಂದ ಹೊತ್ತಿಗೇ ಪುರಸಭೆಯ ಕೆಲಸಗಳು ನಿಂತುಬಿಟ್ಟವು. ಅಜ್ಜಿಯದು ಆಗಿದ್ದು, ಅದರ ಬೆನ್ನಿಗೆ ಇನ್ನೊಂದೆರಡು ಆಗಿದ್ದು, ಅಷ್ಟೇ. ಆಮೇಲೆ ಎಷ್ಟು ಅರ್ಜಿ ಹೋದರೂ ಅತ್ತಲಿಂದ ಒಂದು ಮೊಳೆಯೂ ಅಲುಗಲಿಲ್ಲ. ದರ್ಜಿ ಬಂದು ಬಾಗಿಲಲ್ಲೇ ನಿಂತ.

"ಅಣ್ಣ, ನಾನು ಬೈಯೋಕೆ ಬಂದಿಲ್ಲ. ಆದ್ರೆ ಅಜ್ಜಿಗೆ ಬರೆದಷ್ಟು ಮನಸ್ಸಿಟ್ಟು ನನಗೆ ಬರೆದಿಲ್ಲ ನೀವು."

"ಮನಸ್ಸಿಟ್ಟೇ ಬರೆದೆ ಕಣಯ್ಯಾ."

"ಮತ್ತೆ ದೀಪ ಯಾಕೆ ಹತ್ತಲಿಲ್ಲ?"

ಕಲಾವಿದರು ಇನ್ನೊಂದು ಬರೆದುಕೊಟ್ಟರು. ಈ ಸಲ ಕತ್ತಲನ್ನು ಎಂಥ ಕೈಯಿಂದ ಬರೆದರೆಂದರೆ, ಅದರ ಕಡೆ ನೋಡಿದವರು ತಡವರಿಸಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಆದರೂ ದೀಪ ಬರಲಿಲ್ಲ. ದರ್ಜಿ ಮಾತು ಬಿಟ್ಟ. ಬೀದಿಯಲ್ಲಿ ಎದುರಾದರೆ ಇವರ ಅಂಗಿಯ ಹೊಲಿಗೆಯನ್ನು ಮಾತ್ರ ನೋಡಿಕೊಂಡು ಹೋಗುತ್ತಿದ್ದ. ನೀರಿನವರು, ಕಸದವರು, ಗೋಡೆಯವರು ಕೂಡ ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಬೇರೆ ಯಾರ ಮೇಲೋ ದೂರು ಬರೆಸಲು ಬಂದವರೆಲ್ಲ ಈಗ ಕಲಾವಿದರ ಮೇಲೇ ದೂರು ಹೇಳುತ್ತಿದ್ದರು. ಅವರಿಗೆ ಊಟ ರುಚಿಸದಾಯಿತು. ಬಣ್ಣದ ನೀರು ಕುಡಿದರೂ ಸಕ್ಕರೆಯ ಮಾತು ಎತ್ತದಾದರು.

ಹೀಗಿರುವಾಗ ಜವಾನ ಬಂದ. "ದೊಡ್ಡ ಸಾಹೇಬರು ಕರೀತಿದ್ದಾರೆ. ಬರೆಯೋ ಸಾಮಾನು ತಗೊಂಡು ಬರಬೇಕಂತೆ."

ದೊಡ್ಡ ಸಾಹೇಬರೆಂದರೆ ಪುರಸಭೆಗೆಲ್ಲ ಮೇಲಧಿಕಾರಿ. ಅವರು ಒಬ್ಬರನ್ನು ಹೆಸರು ಹಿಡಿದು ಕರೆಸಿದರೆಂದರೆ ಎಡವಟ್ಟಾಗಿದೆ ಅಂತಲೇ ಅರ್ಥ. ಭಾವಮೈದುನರ ಮುಖ ಬಿಳಿಚಿಕೊಂಡಿತು.

"ಬರೆಯೋ ಸಾಮಾನು ಯಾಕೆ ಗೊತ್ತಾ ಭಾವ? ತಪ್ಪೊಪ್ಪಿಗೆ ಬರೆಸಿಕೊಳ್ಳೋಕೆ. ನಾನಂತೂ ಆ ಬೋರ್ಡಿನ ವಿಷಯದಲ್ಲಿ ಇರಲೇ ಇಲ್ಲ ಅಂತ ಇಟ್ಕೊಳ್ಳಿ," ಅಂದವರೇ ಏಣಿ ತಂದು ಬೋರ್ಡನ್ನು ಇಳಿಸತೊಡಗಿದರು.

ಹೆಂಡತಿ ಒಂದು ಚೀಲಕ್ಕೆ ಟವೆಲ್ಲು, ಸ್ವೆಟರು, ಹಲ್ಲುಜ್ಜುವ ಬ್ರಷ್ಷು ಹಾಕಿಕೊಟ್ಟರು. "ಚಳಿ ಇದ್ದರೆ ಹಾಕ್ಕೊಳ್ಳಿ," ಅಂದರು. ಹಿಂದಿನ ಬೀದಿಯ ಅಜ್ಜಿಗೆ ಹೇಗೋ ಸುದ್ದಿ ಮುಟ್ಟಿ, ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟರು. "ನಡಿ ಮಗಾ, ನಾನೂ ಬರ್ತೀನಿ. ನಿನ್ನನ್ನ ಏನಾದ್ರೂ ಅಂದರೆ ನೋಡೋಣ."

ಕಚೇರಿಯ ಕೆಳಗಿನ ಅಂತಸ್ತು ಊರಿಗೆ ಗೊತ್ತಿದ್ದದ್ದೇ. ಕಿಟಕಿ, ಸಾಲು, ಆಕಳಿಕೆ. ಜವಾನ ಇಬ್ಬರನ್ನೂ ಮೇಲಕ್ಕೆ ಕರೆದುಕೊಂಡು ಹೋದ. ಅಲ್ಲಿಗೆ ಸಾರ್ವಜನಿಕರು ಹೋಗುವಂತಿರಲಿಲ್ಲ. ಮೆಟ್ಟಿಲು ಮುಗಿದು ಉದ್ದನೆಯ ಪಡಸಾಲೆಗೆ ಕಾಲಿಟ್ಟ ಕಲಾವಿದರು ಅಲ್ಲೇ ನಿಂತರು.

ಗೋಡೆಯ ಉದ್ದಕ್ಕೂ ಅವರ ಚಿತ್ರಗಳು. ಒಂದೊಂದಕ್ಕೂ ಚೌಕಟ್ಟು, ಗಾಜು. ನೀರಿಲ್ಲದ ನಲ್ಲಿಯ ಬಾಯಿಗೆ ಕಿವಿಯಿಟ್ಟು ಕೇಳುತ್ತಿರುವ ತಾಯಿ, ಕಸದ ಗುಡ್ಡ ಹತ್ತಿ ಶಾಲೆಗೆ ಹೋಗುತ್ತಿರುವ ಮಕ್ಕಳು, ವಾಲಿದ ಗೋಡೆಗೆ ಬೆನ್ನು ಕೊಟ್ಟು ನಿಂತೇ ಪೇಪರ್ ಓದುತ್ತಿರುವ ಮನೆ ಯಜಮಾನ. ಬೇರೆ ಬೇರೆ ವಿಭಾಗದ ಗುಮಾಸ್ತರು ಚಹಾ ಲೋಟ ಹಿಡಿದು ಒಂದರಿಂದ ಒಂದಕ್ಕೆ ನಡೆಯುತ್ತಾ, ಪಿಸುಗುಡುತ್ತಾ, ತಲೆದೂಗುತ್ತಾ ಇದ್ದರು. ಯಾರೋ "ಆ ನೆರಳು ನೋಡ್ರೀ," ಅಂದರು. ಇನ್ಯಾರೋ "ಕೈ ಅಂದ್ರೆ ಇದು," ಅಂದರು. ಸೋಪು ಬಿಸ್ಕತ್ತಿನ ಮೇಲೆ ಇಡೀ ಆಯುಷ್ಯ ಬರೆದ ಕಲಾವಿದರಿಗೆ ಇಂಥ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು. ಹೊದಿಕೆಯನ್ನು ಜನ ಹರಿದು ಎಸೆಯುತ್ತಾರೆ. ಇವರು ನಿಂತು ನೋಡುತ್ತಿದ್ದರು. ಕಲಾವಿದರು ಕಣ್ಣೊರೆಸಿಕೊಳ್ಳಲು ಚೀಲದಿಂದ ಟವೆಲ್ಲು ತೆಗೆದರು.

ದೊಡ್ಡ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ಅವರಿಗಿಂತ ಸ್ವಲ್ಪ ಮೊದಲೇ ಅವರ ಹೊಟ್ಟೆ ಬಂತು.

"ಬನ್ನಿ ಕಲಾವಿದರೇ. ಒಂದು ಕೊರತೆ ಉಳಿದಿದೆ. ಯಾವುದರ ಮೇಲೂ ನಿಮ್ಮ ಸಹಿ ಇಲ್ಲ. ಇಂಥ ಸಂಗ್ರಹ ಇಟ್ಕೊಂಡು ಸಹಿ ಇಲ್ಲ ಅಂದ್ರೆ ಹೇಗೆ?"

"ಇವು ಅರ್ಜಿಗಳಲ್ವಾ ಸಾಹೇಬ್ರೇ?" ಅಂದರು ಕಲಾವಿದರು.

"ಅರ್ಜಿಗಳೇ. ಅದೇ ಬಂದಿರೋ ಕಷ್ಟ," ಅಂದರು ಸಾಹೇಬರು, ಎದೆಯ ಭಾರ ಇಳಿಸಿಕೊಳ್ಳುವವರಂತೆ. "ಕೆಲಸ ಆಯ್ತು ಅಂದ್ರೆ ಕಡತ ಮುಚ್ಚಬೇಕು. ಮುಚ್ಚಿದ ಕಡತ ಕೆಳಗಿನ ಕತ್ತಲೆ ಕೋಣೆಗೆ ಹೋಗಬೇಕು. ಅಲ್ಲಿ ಗೆದ್ದಲಿದೆ. ಆ ಮೋರಿ ಅಜ್ಜಿಯ ಚಿತ್ರ ಇತ್ತಲ್ಲ, ಅದು ಹಾಗೇ ಹೋಯಿತು. ತೆಗೆದು ನೋಡಿದರೆ ಕಾಗೆ ಮಾತ್ರ ಉಳಿದಿದೆ. ಅವತ್ತು ಇಡೀ ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಇನ್ನು ಒಂದನ್ನೂ ಗೆದ್ದಲಿಗೆ ಕೊಡಲ್ಲ ಅಂತ ನಾನೇ ತೀರ್ಮಾನ ಮಾಡಿದೆ."

"ಅಂದ್ರೆ?"

"ಅಂದ್ರೆ ಕೆಲಸ ಮಾಡಿಸಿಲ್ಲ. ಮನಸ್ಸೇ ಬರಲಿಲ್ಲ ಕಣ್ರೀ."

"ನನ್ನನ್ನ ಗೆದ್ದಲಿಗೆ ಹಾಕಿದಿರಾ?" ಅಂದರು ಅಜ್ಜಿ ಹಿಂದಿನಿಂದ. ಗುಮಾಸ್ತರೆಲ್ಲ ತಿರುಗಿ ನೋಡಿ, ಚಿತ್ರದ ಅಜ್ಜಿ ಖುದ್ದು ಬಂದಿರುವುದನ್ನು ಕಂಡು ಪಕ್ಕಕ್ಕೆ ನಿಂತು ದಾರಿ ಬಿಟ್ಟರು. ಕಿರಿಯ ಇಂಜಿನಿಯರ್ ಮಾತ್ರ ಅಭ್ಯಾಸಬಲದಿಂದ ಕಂಬದ ಮರೆಗೆ ಸರಿದರು.

ಜವಾನ, ಗಾಜಿನ ಮೇಲೇ ಹಾಕಿದರೂ ಸರಿ ಅನ್ನುತ್ತಾ, ಕಲಾವಿದರ ಕೈಗೆ ಕುಂಚ ಕೊಟ್ಟ. ಮೊದಲು ಸಹಿ ಹಾಕಬೇಕಾಗಿದ್ದದ್ದು ದರ್ಜಿಯ ಚಿತ್ರಕ್ಕೆ. ಚೆನ್ನಾಗಿ ಬಂದಿತ್ತು, ಅವರಿಗೇ ಹೆಮ್ಮೆಯಾಗುವಷ್ಟು. ಗಾಜಿನಲ್ಲಿ ಅವರ ಮುಖ, ಅದರ ಹಿಂದೆ ಕತ್ತಲಲ್ಲಿ ಕಣ್ಣು ಕಿರಿದು ಮಾಡಿಕೊಂಡ ದರ್ಜಿಯ ಮುಖ. ಅವನು ಮಾತು ಬಿಟ್ಟು ಎಷ್ಟು ದಿನವಾಯಿತು ಅನ್ನುವುದು ನೆನಪಾಯಿತು. ಇಷ್ಟೊತ್ತು ತಾನು ಸಂತೋಷಪಟ್ಟದ್ದು ಅವನ ಕತ್ತಲನ್ನು ನೋಡಿ ಅಂತ ನಾಚಿಕೆಯೂ ಆಯಿತು. ಕುಂಚ ಕೆಳಗಿಟ್ಟರು. ಆಮೇಲೆ ಬಾಯಿಂದ ಬಂದ ಮಾತು ಎಲ್ಲಿಂದ ಬಂತು ಅನ್ನುವುದು ಅವರಿಗೂ ಗೊತ್ತಿಲ್ಲ.

"ಸಹಿ ಹಾಕೋಕಾಗಲ್ಲ ಸಾಹೇಬ್ರೇ. ಇದು ಅರ್ಧ ಚಿತ್ರ."

"ಅರ್ಧವಾ? ಚೌಕಟ್ಟು ಪೂರ್ತಿ ಇದೆಯಲ್ಲ."

"ಇವೆಲ್ಲ ಜೋಡಿ ಚಿತ್ರಗಳು. ಇದರ ಜೋಡಿ ದೀಪ ಹತ್ತಿದ ಮೇಲಿನದು. ದೀಪ ಹತ್ತದೆ ನಾನು ಹೇಗೆ ಬರೀಲಿ? ನೋಡದೆ ಬರೆಯೋನಲ್ಲ ನಾನು."

ಸಾಹೇಬರು ಗೋಡೆಯನ್ನು ನೋಡಿದರು. ಒಂದೊಂದು ಚೌಕಟ್ಟಿನ ಪಕ್ಕದಲ್ಲಿಯೂ ಬೋಳು ಜಾಗ ಕಂಡಿತು. ಅಲ್ಲಿಯವರೆಗೆ ತುಂಬಿದ ಹಾಗಿದ್ದ ಗೋಡೆ ಒಮ್ಮೆಲೇ ಹಲ್ಲು ಬಿದ್ದ ಬಾಯಿಯಂತೆ ತೋರಿತು.

"ಆ ಜೋಡಿಯಲ್ಲಿ ಯಾರ್ಯಾರು ಇರ್ತಾರೆ?"

"ದರ್ಜಿ ಇರ್ತಾನೆ. ದೀಪ ಹಾಕಿಸಿದವರೂ ಇರಲೇಬೇಕಲ್ಲ, ಕಂಬದ ಪಕ್ಕ ನಿಂತು."

ಸಾಹೇಬರು ಅಂಗಿಯ ಕಾಲರು ಸರಿಮಾಡಿಕೊಂಡರು. "ಈ ಕಡತ ಮುಚ್ಚೋದು ಬೇಡ. ಜೋಡಿ ಚಿತ್ರ ಬಾಕಿ ಅಂತ ಬರೆದು ತೆರೆದೇ ಇಡಿ," ಅಂತ ಗುಮಾಸ್ತರಿಗೆ ಹೇಳಿ, ಕಂಬದ ಕಡೆ ತಿರುಗಿದರು. "ಇಂಜಿನಿಯರೇ, ಅಲ್ಲೇನು ಮಾಡ್ತಿದ್ದೀರಿ? ಏಣಿ ಹೊರಡಿಸಿ."

ಕಲಾವಿದರು ಸ್ವೆಟರು ಹಾಕಿಕೊಂಡು ಮನೆಗೆ ಬಂದರು. ಚಳಿಯಿರಲಿಲ್ಲ. ಆದರೆ ಹೆಂಡತಿ ಕೊಟ್ಟಿದ್ದನ್ನು ಹಾಗೇ ವಾಪಸ್ಸು ತರುವುದು ಸರಿಯಲ್ಲ ಅನ್ನಿಸಿತಂತೆ.

ಆಮೇಲೆ ಆ ಊರಿನಲ್ಲಿ ನಡೆದದ್ದನ್ನು ನೋಡಿದವರು ಇನ್ನೂ ಹೇಳುತ್ತಾರೆ. ಕಂಬದಲ್ಲಿ ದೀಪ ಬಂತು. ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಪಕ್ಕ ನಿಂತರು, ದರ್ಜಿ ಸೂಜಿಗೆ ದಾರ ಪೋಣಿಸುತ್ತಾ ಕೂತ, ಕಲಾವಿದರು ಬರೆದು ಸಹಿ ಹಾಕಿದರು. ಅದರ ಒಂದು ಪ್ರತಿಯನ್ನು ದರ್ಜಿ ತನ್ನ ಅಂಗಡಿಗೂ ಬರೆಸಿಕೊಂಡ. "ಈಗ ಮನಸ್ಸಿಟ್ಟು ಬರೆದಿದ್ದೀರಿ ಅಣ್ಣ," ಅಂದ. ಆಮೇಲೆ ನಲ್ಲಿ ರಿಪೇರಿಯಾಯಿತು, ಗೋಡೆ ನೆಟ್ಟಗಾಯಿತು, ಕಸದ ಗುಡ್ಡ ಕರಗಿತು. ಎಲ್ಲಿ ನೋಡಿದರೂ ಅಧಿಕಾರಿಗಳು ಮುಖಕ್ಕೆ ಪೌಡರ್ ಹಾಕಿಕೊಂಡು ಗುದ್ದಲಿ ಹಿಡಿದು ನಿಂತಿರುತ್ತಿದ್ದರು. ಜಲ ವಿಭಾಗಕ್ಕೂ ರಸ್ತೆ ವಿಭಾಗಕ್ಕೂ ಯಾರ ಗೋಡೆ ಮೊದಲು ತುಂಬುತ್ತದೆ ಅಂತ ಪೈಪೋಟಿ ಬಿತ್ತು. ಚಿತ್ರದಲ್ಲಿ ತಮ್ಮ ಮುಖ ಕಂಡವರು, ಮನೆಗೊಂದು ಇರಲಿ ಅಂತ ಹೆಂಡತಿ ಮಕ್ಕಳನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಕಲಾವಿದರು ಆಸೆಪಟ್ಟ ಭಾವಚಿತ್ರಗಳು ಹೀಗೆ ಸುತ್ತಿ ಬಳಸಿ ಮನೆಗೆ ಬಂದವು. ಇಷ್ಟಕ್ಕೆಲ್ಲ ಕಾರಣ ಬೋರ್ಡನ್ನು ಚಿಕ್ಕದು ಮಾಡಿದ್ದೇ ಅಂತ ಭಾವಮೈದುನರು ಬೇರೆ ವ್ಯಾಪಾರಿಗಳಿಗೂ ಸಲಹೆ ಕೊಡಲು ಶುರುಮಾಡಿದರು.

ಹೀಗೆ ಎಲ್ಲ ಸುಸೂತ್ರ ಅನ್ನುವ ಹೊತ್ತಿಗೆ, ಒಂದು ಸಂಜೆ ಕಿರಿಯ ಇಂಜಿನಿಯರ್ ಒಬ್ಬರೇ ಬಂದು ಬೆಂಚಿನ ತುದಿಯಲ್ಲಿ ಕೂತರು.

"ಒಂದು ದೂರು ಬರೆಸಬೇಕಿತ್ತು. ಬಾಯಲ್ಲಿ ಹೇಳೋಕೆ ನನಗೆ ಧೈರ್ಯ ಸಾಲದು."

"ಯಾರ ಮೇಲೆ?"

ಇಂಜಿನಿಯರ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮ ದೊಡ್ಡ ಸಾಹೇಬರ ಮೇಲೆ. ಎಲ್ಲಾ ಚಿತ್ರದಲ್ಲೂ ಅವರು ಮುಂದೆ, ನಾನು ಹಿಂದೆ. ನಲ್ಲಿಯ ಚಿತ್ರದಲ್ಲಿ ನನ್ನದು ಒಂದು ಕಿವಿ ಮಾತ್ರ ಬಂದಿದೆ. ಅದರದೇ ಪ್ರತಿ ಮನೆಗೆ ತಗೊಂಡು ಹೋಗಿ ತೋರಿಸಿದೆ. ನಮ್ಮಮ್ಮ ಆ ಕಿವಿಯನ್ನೇ ಬಂದವರಿಗೆಲ್ಲ ತೋರಿಸಿ, ಇವನು ನನ್ನ ಮಗ, ಅಂತಾರೆ. ನೋಡೋಕಾಗಲ್ಲ ನನಗೆ."

ಕಲಾವಿದರು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. ಹಾಳೆ ಎಳೆದುಕೊಂಡು ಇನ್ನೇನು ಗೆರೆ ಹಾಕಬೇಕು, ಹೆಂಡತಿ ಹೊರಗಿನಿಂದ ಬಂದು ಮೆಲ್ಲಗೆ ಹೇಳಿದರು: "ರೀ, ದೊಡ್ಡ ಸಾಹೇಬರು ಜಗಲಿ ಮೇಲೆ ನಿಂತಿದ್ದಾರೆ. ನಿಮ್ಮ ಮೇಲೇ ದೂರು ಬರೆಸಬೇಕಂತೆ. ಹೊಟ್ಟೆ ಅಷ್ಟು ದೊಡ್ಡದಾಗಿ ಬರೆದು ಮಾನ ತೆಗೆದಿದ್ದೀರಂತೆ."

"ಹಿಂದಿನ ಬಾಗಿಲು ಇದೆಯಾ ಅಮ್ಮಾ?" ಅಂದರು ಇಂಜಿನಿಯರ್, ಎದ್ದು ನಿಂತು.

"ಕೂತ್ಕೊಳ್ಳಿ," ಅಂದರು ಕಲಾವಿದರು. ಜೀವಮಾನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಮಾಲೀಕರ ಗತ್ತು ಕೇಳಿಸಿತು. "ಅವರನ್ನೂ ಒಳಗೆ ಕರಿ. ಇಬ್ಬರನ್ನೂ ಇದೇ ಬೆಂಚಿನ ಮೇಲೆ ಕೂರಿಸ್ತೀನಿ. ಬೆಳಕು ಹೋಗೋದರೊಳಗೆ ಎರಡು ದೂರೂ ಒಂದೇ ಹಾಳೆಯಲ್ಲಿ ಮುಗಿಸಿಬಿಡ್ತೀನಿ."

ಇಬ್ಬರೂ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಲಾವಿದರು ಎದ್ದು ಹೋಗಿ ಇಂಜಿನಿಯರನ್ನು ತುಸು ಮುಂದಕ್ಕೆ ಎಳೆದರು. ಅವರ ಭುಜದ ಮರೆಯಲ್ಲಿ ಸಾಹೇಬರ ಹೊಟ್ಟೆ ಮಾಯವಾಯಿತು. ಎರಡೂ ಕಿವಿಯೊಡನೆ ಇಂಜಿನಿಯರ್ ಮುಖ ಪೂರ್ತಿ ಬೆಳಕಿಗೆ ಬಂತು. ಸಾಹೇಬರ ಮುಖ ಅದರ ಪಕ್ಕದಲ್ಲಿ, ಹೊಟ್ಟೆಯ ಹಂಗಿಲ್ಲದೆ, ಮದುವೆಯ ಹೊಸದರಲ್ಲಿ ಇದ್ದ ಹಾಗೆ ಕಂಡಿತು. ಬರೆದು ಮುಗಿಸಿ ತೋರಿಸಿದಾಗ ಇಬ್ಬರೂ ಒಟ್ಟಿಗೇ ಹಾಳೆಯ ಮೇಲೆ ಬಗ್ಗಿದರು.

"ಇದನ್ನ ನಮ್ಮ ಮನೆಯವಳಿಗೆ ತೋರಿಸಬೇಕು," ಅಂದರು ಸಾಹೇಬರು, ಹಾಳೆಯ ಒಂದು ತುದಿ ಹಿಡಿದು.

"ನಮ್ಮಮ್ಮ ಕಾಯ್ತಿದ್ದಾರೆ ಸಾರ್," ಅಂದರು ಇಂಜಿನಿಯರ್. ಇನ್ನೊಂದು ತುದಿ ಅವರ ಕೈಯಲ್ಲಿತ್ತು, ಬಿಡಲಿಲ್ಲ.

ಕಲಾವಿದರು ಹೆಂಡತಿಯ ಕಡೆ ನೋಡಿದರು. ಆಕೆ ಆಗಲೇ ದೀಪ ಹಾಕಿ, ಇನ್ನೊಂದು ಹಾಳೆ ತಂದು ಮೇಜಿನ ಮೇಲಿಟ್ಟು, ಕಾಫಿ ಲೋಟವನ್ನು ಕುಂಚದಿಂದ ದೂರ ಸರಿಸುತ್ತಿದ್ದರು.